ದಿವಾಳಿಯ ಬಾಗಿಲು ತಟ್ಟುವ ಮುನ್ನ

ಸಂಬಳ ಕೈಗೆ ಬಂದ ದಿನವೇ ಕೈಬಿಟ್ಟು ಹೋಗುವ ಮನೆಗಳು ಮುಂಬಯಿಯ ನಮ್ಮ ಕನ್ನಡ ಕಾರ್ಮಿಕರಲ್ಲಿ ಹೆಚ್ಚುತ್ತಿವೆ. ಬ್ಯಾಂಕಿನ ಕಂತು ಒಂದನೆಯ ತಾರೀಖಿಗೆ, ಕ್ರೆಡಿಟ್ ಕಾರ್ಡಿನದು ಐದಕ್ಕೆ, ಮೊಬೈಲಿನ ಮೂಲಕ ತೆಗೆದ ಸಾಲದ್ದು ಏಳಕ್ಕೆ, ಗಲ್ಲಿಯ ಸಾವಕಾರನದು ವಾರವಾರಕ್ಕೆ. ಹತ್ತನೆಯ ತಾರೀಖಿಗೆ ಅಕ್ಕಿ ಬೇಳೆಗೆಂದು ಮತ್ತೆ ಕೈಗಡ. ಹೀಗೆ ಬದುಕುತ್ತಿರುವವರು ಸೋಮಾರಿಗಳಲ್ಲ. ಎಲ್ಲರೂ ದುಶ್ಚಟದವರೂ ಅಲ್ಲ. ಹೊಟೇಲಿನಲ್ಲಿ ಬೆಳಗಿನಿಂದ ರಾತ್ರಿಯವರೆಗೆ ನಿಂತು ದುಡಿಯುವವರು, ಕಟ್ಟಡದ ಕೆಲಸದವರು, ರಿಕ್ಷಾ ಓಡಿಸುವವರು, ಆಫೀಸಿನ ಗುಮಾಸ್ತರು, ಮನೆಮನೆಗೆ ಸಾಮಾನು ಮುಟ್ಟಿಸುವ ಹುಡುಗರು ಇವರಲ್ಲಿದ್ದಾರೆ. ದುಡಿಮೆಗೆ ಕೊರತೆಯಿಲ್ಲ, ದುಡಿದದ್ದು ಮನೆಗೆ ಮುಟ್ಟುತ್ತಿಲ್ಲ, ಅಷ್ಟೇ.

ಈ ವಿಷಯವನ್ನು ಇಲ್ಲಿ ಎತ್ತಿಕೊಳ್ಳಲು ಒಂದು ವಿಶೇಷ ಕಾರಣವಿದೆ. ಸಾಲದಲ್ಲಿ ಮುಳುಗಿದವನು ಮೊದಲು ಬಿಡುವುದು ಸಂಘವನ್ನು. ಚಂದಾ ಬಾಕಿಯಾಗುತ್ತದೆ, ಸಭೆಗೆ ಬರುವುದು ನಿಲ್ಲುತ್ತದೆ. ಮುಂದೆ ಹಬ್ಬಕ್ಕೆ ಊರಿಗೆ ಹೋಗುವುದು ತಪ್ಪುತ್ತದೆ, ಫೋನಿನ ನಂಬರು ಬದಲಾಗುತ್ತದೆ. ಕೊನೆಗೆ ಒಂದು ದಿನ ಖೋಲಿ ಬಿಟ್ಟು ಹೋದನಂತೆ ಎಂಬ ಸುದ್ದಿ ಮಾತ್ರ ನಮಗೆ ಮುಟ್ಟುತ್ತದೆ. ನೆರವು ಸಿಕ್ಕಬಹುದಾದ ಸ್ಥಳದಿಂದಲೇ ಮನುಷ್ಯ ದೂರ ಓಡುತ್ತಾನೆ, ನಾಚಿಕೆಯಿಂದ. ನಾವು ಇಂದು ಹೇಳಬೇಕಾದ ಮುಖ್ಯ ಮಾತು ಇದೇ: ಸಾಲ ಬಚ್ಚಿಟ್ಟಷ್ಟೂ ಬೆಳೆಯುತ್ತದೆ, ಬಯಲಿಗೆ ತಂದ ದಿನದಿಂದ ಅದು ಲೆಕ್ಕಕ್ಕೆ ಸಿಕ್ಕುವ ವಸ್ತುವಾಗುತ್ತದೆ.

ಕಾರ್ಮಿಕನ ಸಾಲ ಹೊಸ ರೋಗವೇನೂ ಅಲ್ಲ. 1929ರಲ್ಲಿ ನೇಮಕವಾಗಿ 1931ರಲ್ಲಿ ವರದಿ ಒಪ್ಪಿಸಿದ ವ್ಹಿಟ್ಲಿ ಆಯೋಗ, ಭಾರತದ ಕೈಗಾರಿಕಾ ಕಾರ್ಮಿಕರ ಸ್ಥಿತಿಗತಿಗಳನ್ನು ಪರಿಶೀಲಿಸಿ, ಬಹುತೇಕ ಕೈಗಾರಿಕಾ ಕೇಂದ್ರಗಳಲ್ಲಿ ಮೂರರಲ್ಲಿ ಎರಡು ಪಾಲಿಗೆ ಕಡಿಮೆಯಿಲ್ಲದಷ್ಟು ಕುಟುಂಬಗಳು ಸಾಲದಲ್ಲಿವೆ ಎಂದು ಅಂದಾಜು ಮಾಡಿತು. ರೂಪಾಯಿಗೆ ತಿಂಗಳಿಗೆ ಒಂದಾಣೆ ಬಡ್ಡಿ ಆಗ ತೀರ ಸಾಮಾನ್ಯವಾಗಿತ್ತು. ಒಂದಾಣೆ ಎಂದರೆ ಕಿವಿಗೆ ಹಗುರ. ವರ್ಷದ ಲೆಕ್ಕಕ್ಕೆ ಅದು ನೂರಕ್ಕೆ 75. ಸಂಬಳದ ದಿನ ಗಿರಣಿಯ ಬಾಗಿಲಲ್ಲಿ ಕೋಲು ಹಿಡಿದು ನಿಂತ ಪಠಾಣ ಸಾಲಗಾರನನ್ನು ಹಳೆಯ ಗಿರಣಿಗಾರರು ಮರೆತಿರಲಾರರು. ಇಂದು ಗಿರಣಿಗಳೂ ಇಲ್ಲ, ಆ ಕೋಲೂ ಇಲ್ಲ. ಅದರ ಬದಲು ಕಿಸೆಯೊಳಗಿನ ಫೋನು ದಿನಕ್ಕೆ ಮೂವತ್ತು ಸಲ ಹೊಡೆದುಕೊಳ್ಳುತ್ತದೆ. ಸಾಲ ಸಿಕ್ಕುವುದು ಐದು ನಿಮಿಷದಲ್ಲಿ. ಅದಕ್ಕೆ ಜಾಮೀನು ಬೇಡ, ಪರಿಚಯ ಬೇಡ, ಹೆಂಡತಿಗೆ ಹೇಳುವುದೂ ಬೇಡ. ಯಾರಿಗೂ ಹೇಳದೆ ಸಿಕ್ಕುವ ಸಾಲವೇ ಎಲ್ಲಕ್ಕಿಂತ ಅಪಾಯದ್ದು.

“ಹಾಸಿಗೆ ಇದ್ದಷ್ಟು ಕಾಲು ಚಾಚು” ಎಂದು ಉಪದೇಶ ಮಾಡಿ ಕೈತೊಳೆದುಕೊಳ್ಳುವುದು ಸುಲಭ. ಕಾಲು ಚಾಚಿದ್ದರಿಂದಲೇ ಸಾಲವಾದವರು ಇಲ್ಲವೆಂದಲ್ಲ. ಹಬ್ಬದ ರಿಯಾಯತಿ ನೋಡಿ ಕಂತಿನ ಮೇಲೆ ಟಿ.ವಿ. ತಂದವರು, ಮಗಳ ಮದುವೆಗೆ ನೆರೆಮನೆಯವರಿಗಿಂತ ದೊಡ್ಡ ಹಾಲ್ ಹಿಡಿದವರು, ಫೋನಿನಲ್ಲಿ ಜೂಜಾಡಿ ಕಳೆದುಕೊಂಡವರು ನಮ್ಮಲ್ಲಿದ್ದಾರೆ. ಆದರೆ ಹಾಸಿಗೆಯೇ ಮೊಟಕಾದವರ ಗತಿಯೇನು? ತಾಯಿಗೆ ಶಸ್ತ್ರಚಿಕಿತ್ಸೆಯಾಯಿತು, ಆಸ್ಪತ್ರೆ ಮುಂಗಡ ಕೇಳಿತು. ಹೊಟೇಲು ಮುಚ್ಚಿ ಮೂರು ತಿಂಗಳು ಕೆಲಸವಿಲ್ಲದಾಯಿತು. 2020ರ ಲಾಕ್‌ಡೌನಿನಲ್ಲಿ ಊರಿಗೆ ಹೋದವರು ಮರಳಿ ಬಂದಾಗ ಖೋಲಿಯ ಬಾಡಿಗೆ ಬಾಕಿ ಕಾದಿತ್ತು. ಇಂಥವರಿಗೆ ಮಿತವ್ಯಯದ ಪಾಠ ಹೇಳುವುದು ಗಾಯಕ್ಕೆ ಉಪ್ಪು ಸವರಿದಂತೆ. ಅವರಿಗೆ ಬೇಕಾದದ್ದು ಉಪದೇಶವಲ್ಲ, ದಾರಿ.

ಮೊದಲು ಲೆಕ್ಕ ನೋಡೋಣ. ಗಲ್ಲಿಯ ಸಾವಕಾರನಿಂದ ತಿಂಗಳಿಗೆ ನೂರಕ್ಕೆ ಹತ್ತರ ಬಡ್ಡಿಯಲ್ಲಿ 20,000 ರೂಪಾಯಿ ತಂದವನು ಪ್ರತಿ ತಿಂಗಳೂ 2,000 ರೂಪಾಯಿ ಬಡ್ಡಿ ಕಟ್ಟುತ್ತಾನೆ. ಹತ್ತು ತಿಂಗಳಲ್ಲಿ ತಂದಷ್ಟು ಹಣ ಮರಳಿ ಹೋಯಿತು. ಅಸಲು 20,000 ಹಾಗೆಯೇ ನಿಂತಿತು. ಅದೇ ಹಣವನ್ನು ಸಹಕಾರಿ ಪತಪೇಢಿಯಿಂದ ವರ್ಷಕ್ಕೆ ನೂರಕ್ಕೆ 12ರ ಬಡ್ಡಿಯಲ್ಲಿ ಹನ್ನೆರಡು ಕಂತಿಗೆ ತಂದಿದ್ದರೆ ತಿಂಗಳ ಕಂತು ಸುಮಾರು 1,777 ರೂಪಾಯಿ; ವರ್ಷ ತುಂಬಿದ ದಿನ ಅಸಲು ಬಡ್ಡಿ ಎರಡೂ ಚುಕ್ತಾ. ಅಂದರೆ ಸಾವಕಾರನಿಗೆ ಬರಿಯ ಬಡ್ಡಿಯೆಂದು ಕೊಡುವ ಹಣಕ್ಕಿಂತ ಕಡಿಮೆಯಲ್ಲೇ ಇಡೀ ಸಾಲ ತೀರುತ್ತದೆ. ಕೈಯಿಂದ ಹೋಗುವ ಹಣ ಹೆಚ್ಚುಕಡಿಮೆ ಒಂದೇ. ಒಂದು ಕಡೆ ಮನುಷ್ಯ ಬಿಡುಗಡೆಯಾಗುತ್ತಾನೆ, ಇನ್ನೊಂದು ಕಡೆ ಜೀತಗಾರನಾಗುತ್ತಾನೆ.

ಕ್ರೆಡಿಟ್ ಕಾರ್ಡಿನ ಲೆಕ್ಕವೂ ಇಷ್ಟೇ ಕಣ್ಣು ತೆರೆಸುವಂಥದು. ಕಾರ್ಡಿನ ಮೇಲೆ 50,000 ರೂಪಾಯಿ ಬಾಕಿಯಿದೆ, ತಿಂಗಳಿಗೆ ನೂರಕ್ಕೆ ಮೂರೂವರೆ ಬಡ್ಡಿ ಎಂದಿಟ್ಟುಕೊಳ್ಳಿ. ಬಡ್ಡಿ 1,750; ಅದರ ಮೇಲೆ ನೂರಕ್ಕೆ 18ರಂತೆ ತೆರಿಗೆ 315. “ಕನಿಷ್ಠ ಇಷ್ಟು ಕಟ್ಟಿದರೆ ಸಾಕು” ಎಂದು ಬಿಲ್ಲಿನಲ್ಲಿ ಬರೆದ 2,500 ರೂಪಾಯಿಗಳನ್ನು ಕಟ್ಟಿದವನ ಸಾಲ ಆ ತಿಂಗಳು ಇಳಿದದ್ದು ಕೇವಲ 435 ರೂಪಾಯಿ. ಅಷ್ಟರಲ್ಲಿ ಅದೇ ಕಾರ್ಡಿನಿಂದ ಒಂದು ಚೀಲ ಅಕ್ಕಿ ತಂದರೆ ಇಳಿದದ್ದೆಲ್ಲ ಮತ್ತೆ ಏರಿತು. 2008ರಲ್ಲಿ ರಾಷ್ಟ್ರೀಯ ಗ್ರಾಹಕ ಆಯೋಗವು ಕಾರ್ಡಿನ ಬಡ್ಡಿ ವರ್ಷಕ್ಕೆ ನೂರಕ್ಕೆ 30ನ್ನು ಮೀರಬಾರದೆಂದು ತೀರ್ಪಿತ್ತಿತ್ತು. 2024ರ ಡಿಸೆಂಬರಿನಲ್ಲಿ ಸುಪ್ರೀಂ ಕೋರ್ಟು ಅದನ್ನು ರದ್ದು ಮಾಡಿತು. ಆದ್ದರಿಂದ ಆ ಮಿತಿಯ ಆಸರೆ ಈಗ ಇಲ್ಲ. ನಮ್ಮ ಎಚ್ಚರವೇ ನಮಗೆ ಆಸರೆ.

ಹಾಗಾದರೆ ಸಾಲದ ಸುಳಿಗೆ ಸಿಕ್ಕಿದವನು ಏನು ಮಾಡಬೇಕು?

ಮೊದಲನೆಯದಾಗಿ, ಒಂದು ಹಾಳೆ ತೆಗೆದುಕೊಂಡು ಎಲ್ಲ ಸಾಲಗಳನ್ನೂ ಬರೆಯಬೇಕು. ಯಾರಿಗೆ, ಅಸಲೆಷ್ಟು, ಬಡ್ಡಿ ಎಷ್ಟು, ತಿಂಗಳ ಕಂತೆಷ್ಟು, ಒತ್ತೆ ಏನು, ಜಾಮೀನು ಯಾರು ಎಂದು. ಮನೆಯ ಯಜಮಾನಿತಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ಬರೆದರೆ ಇನ್ನೂ ಒಳ್ಳೆಯದು; ಊರಿನ ಸ್ವಸಹಾಯ ಸಂಘದಲ್ಲಿಯೋ ಮೈಕ್ರೋಫೈನಾನ್ಸಿನಲ್ಲಿಯೋ ಆಕೆಯ ಹೆಸರಿನಲ್ಲೂ ಒಂದು ಸಾಲವಿದ್ದೀತು. ಬ್ಯಾಂಕು, ಕಂಪನಿಗಳ ಸಾಲಗಳ ಪೂರ್ಣ ಪಟ್ಟಿ ಬೇಕಾದರೆ ಕ್ರೆಡಿಟ್ ವರದಿ ನೀಡುವ ನಾಲ್ಕು ಸಂಸ್ಥೆಗಳೂ ವರ್ಷಕ್ಕೊಮ್ಮೆ ಪೂರ್ಣ ವರದಿಯನ್ನು ಉಚಿತವಾಗಿ ಕೊಡಬೇಕೆಂದು ರಿಸರ್ವ್ ಬ್ಯಾಂಕಿನ 2016ರ ಆಜ್ಞೆಯಿದೆ. ತಾನು ತೆಗೆಯದ ಸಾಲ ತನ್ನ ಹೆಸರಿನಲ್ಲಿರುವುದು ಕೂಡ ಕೆಲವೊಮ್ಮೆ ಅಲ್ಲಿ ಕಂಡುಬರುತ್ತದೆ.

ಎರಡನೆಯದಾಗಿ, ಸಾಲ ತೀರಿಸಲು ಸಾಲ ಮಾಡುವುದನ್ನು ಅಂದೇ ನಿಲ್ಲಿಸಬೇಕು. ಇದಕ್ಕೆ ಒಂದೇ ಅಪವಾದ: ಹೆಚ್ಚು ಬಡ್ಡಿಯ ಹಲವು ಸಾಲಗಳನ್ನು ಮುಚ್ಚಿ ಕಡಿಮೆ ಬಡ್ಡಿಯ ಒಂದು ಸಾಲಕ್ಕೆ ಬರುವುದು. ಅದೂ ಹಳೆಯ ಸಾಲಗಳು ನಿಜವಾಗಿ ಮುಚ್ಚಿದರೆ, ಕಾರ್ಡನ್ನು ರದ್ದು ಮಾಡಿಸಿದರೆ ಮಾತ್ರ. ಇಲ್ಲವಾದರೆ ಹಳೆಯ ಸಾಲದ ಮೇಲೆ ಹೊಸದೊಂದು ಹೊರೆ ಬಿದ್ದಂತೆ.

ಮೂರನೆಯದಾಗಿ, ಯಾರಿಗೆ ಮೊದಲು ಕೊಡಬೇಕೆಂಬುದನ್ನು ಸಾಲಗಾರನ ಗಂಟಲು ನಿರ್ಣಯಿಸಕೂಡದು. ಜೋರಾಗಿ ಕೂಗುವವನಿಗೆ ಮೊದಲು ಕೊಟ್ಟು, ಸುಮ್ಮನಿರುವ ಖೋಲಿಯ ಮಾಲಿಕನಿಗೆ ಬಾಕಿ ಉಳಿಸುವುದು ನಮ್ಮವರ ಸಾಮಾನ್ಯ ಪದ್ಧತಿ. ಅಕ್ಕಿ, ಬಾಡಿಗೆ, ದೀಪ, ಔಷಧ, ಮಕ್ಕಳ ಫೀ ಮೊದಲು. ಆಮೇಲೆ ಒತ್ತೆಯಿಟ್ಟ ಬಂಗಾರ ಹರಾಜಾಗದಂತೆ, ಜಾಮೀನು ನಿಂತ ಸ್ನೇಹಿತ ಸಿಕ್ಕಿಬೀಳದಂತೆ ನೋಡಬೇಕು. ಉಳಿದದ್ದರಲ್ಲಿ ಎಲ್ಲರಿಗೂ ಸ್ವಲ್ಪ, ಅತಿ ಹೆಚ್ಚು ಬಡ್ಡಿಯವನಿಗೆ ಮಾತ್ರ ತುಸು ಹೆಚ್ಚು.

ನಾಲ್ಕನೆಯದಾಗಿ, ಕಂತು ತಪ್ಪುವ ಮೊದಲೇ ಬ್ಯಾಂಕಿಗೆ ಹೋಗಬೇಕು. ಬಾಯಿಮಾತು ಸಾಲದು, ಅರ್ಜಿ ಬರೆದುಕೊಟ್ಟು ನಕಲಿನ ಮೇಲೆ ಸಹಿ ಮುದ್ರೆ ಪಡೆಯಬೇಕು. ಕಂತನ್ನು ಇಳಿಸಿ ಮುದ್ದತು ಹೆಚ್ಚಿಸಿರಿ ಎಂದು ಕೇಳುವುದು ಭಿಕ್ಷೆಯಲ್ಲ. ತಪ್ಪಿದ ಕಂತಿಗೆ ವಿಧಿಸುವ ದಂಡವನ್ನು ಬಡ್ಡಿಯ ದರಕ್ಕೆ ಸೇರಿಸಬಾರದು, ಆ ದಂಡದ ಮೇಲೆ ಮತ್ತೆ ಬಡ್ಡಿ ಹಾಕಬಾರದು ಎಂದು ರಿಸರ್ವ್ ಬ್ಯಾಂಕು 2023ರ ಆಗಸ್ಟಿನಲ್ಲಿ ಸೂಚಿಸಿದೆ. ತೀರಿಸಲು ಸಾಧ್ಯವೇ ಇಲ್ಲದ ಸಾಲಕ್ಕೆ ಒಂದೇ ಗಂಟಿನಲ್ಲಿ ಕಡಿಮೆ ಹಣ ಪಡೆದು ರಾಜಿ ಮಾಡಿಕೊಳ್ಳಲೂ ಬ್ಯಾಂಕುಗಳಿಗೆ ಅವಕಾಶವಿದೆ. 2023ರ ಜೂನಿನಲ್ಲಿ ರಿಸರ್ವ್ ಬ್ಯಾಂಕು ಅದಕ್ಕೆ ಕ್ರಮ ಹಾಕಿಕೊಟ್ಟಿತು. ರಾಜಿಯ ಪತ್ರ ಕೈಗೆ ಬರದೆ ಒಂದು ಕಾಸನ್ನೂ ಕಟ್ಟಬಾರದು. ಕಟ್ಟಿದ ಮೇಲೆ ಬಾಕಿ ಇಲ್ಲವೆಂಬ ಪ್ರಮಾಣಪತ್ರ ಪಡೆಯದೆ ಬರಬಾರದು. ರಾಜಿಯಲ್ಲಿ ಮುಗಿದ ಸಾಲ ಕ್ರೆಡಿಟ್ ವರದಿಯಲ್ಲಿ ಹಾಗೆಂದೇ ದಾಖಲಾಗುತ್ತದೆ, ಮುಂದೆ ಮನೆಸಾಲ ಕೇಳುವಾಗ ಅಡ್ಡ ಬಂದೀತು ಎಂಬುದನ್ನೂ ತಿಳಿದಿರಬೇಕು. “ಫೀ ಕೊಡಿ, ಕಂತು ಕಟ್ಟುವುದನ್ನು ನಿಲ್ಲಿಸಿ, ಸಾಲವನ್ನು ಅರ್ಧಕ್ಕೆ ಇಳಿಸಿಕೊಡುತ್ತೇವೆ” ಎಂದು ಜಾಹೀರಾತು ಹಾಕುವ ದಲ್ಲಾಳಿಗಳಿಂದ ದೂರವಿರಿ. ಅವರ ಫೀ ನಿಶ್ಚಿತ, ಫಲ ಅನಿಶ್ಚಿತ.

ಈಗ ಹೆದರಿಕೆಯ ಮಾತು. ನಮ್ಮ ಜನ ಸಾಲಕ್ಕಿಂತ ಹೆಚ್ಚಾಗಿ ಹೆದರುವುದು ಸಾಲಗಾರನ ಬೆದರಿಕೆಗೆ. “ಪೋಲೀಸರನ್ನು ಕಳಿಸುತ್ತೇವೆ, ನಾಳೆಯೇ ಜೈಲು” ಎಂದು ಫೋನಿನಲ್ಲಿ ಅರಚುವವನ ಮಾತನ್ನು ನಂಬಿ ತಾಳಿಯನ್ನು ಅಡವಿಟ್ಟವರಿದ್ದಾರೆ. ಕೈಯಲ್ಲಿಲ್ಲದೆ ಸಾಲ ತೀರಿಸಲಾಗದಿರುವುದು ಅಪರಾಧವಲ್ಲ. ಅದು ದಿವಾಣಿ ಕೋರ್ಟಿನ ವ್ಯವಹಾರ. ವ್ಹಿಟ್ಲಿ ಆಯೋಗ ಸಾಲಕ್ಕಾಗಿ ಕಾರ್ಮಿಕನನ್ನು ಸೆರೆಗೆ ಹಾಕುವುದನ್ನು ವಿರೋಧಿಸಿತ್ತು. 1936ರಲ್ಲಿ ದಿವಾಣಿ ಪ್ರಕ್ರಿಯಾ ಸಂಹಿತೆಗೆ ಆದ ತಿದ್ದುಪಡಿ ಪ್ರಾಮಾಣಿಕ ಸಾಲಿಗನಿಗೆ ರಕ್ಷಣೆ ಕೊಟ್ಟಿತು. 1980ರಲ್ಲಿ ಜಾಲಿ ಜಾರ್ಜ್ ವರ್ಗೀಸ್ ಮೊಕದ್ದಮೆಯಲ್ಲಿ ನ್ಯಾಯಮೂರ್ತಿ ವಿ. ಆರ್. ಕೃಷ್ಣ ಅಯ್ಯರ್ ಅವರು ಇನ್ನಷ್ಟು ಸ್ಪಷ್ಟಪಡಿಸಿದರು: ಹಣವಿದ್ದೂ ದುರುದ್ದೇಶದಿಂದ ಕೊಡದವನನ್ನು ಬಿಟ್ಟರೆ, ಬಡತನದಿಂದ ಕೊಡಲಾಗದವನನ್ನು ಡಿಕ್ರಿಯ ಹೆಸರಿನಲ್ಲಿ ಸೆರೆಗೆ ಹಾಕುವಂತಿಲ್ಲ. ಹಣದ ಡಿಕ್ರಿಗಾಗಿ ಹೆಂಗಸರನ್ನು ಬಂಧಿಸುವಂತೆಯೇ ಇಲ್ಲ.

ಸಂಬಳವನ್ನೆಲ್ಲ ಜಪ್ತಿ ಮಾಡುತ್ತಾರೆಂಬ ಭಯವೂ ಉತ್ಪ್ರೇಕ್ಷೆ. ಸಂಹಿತೆಯ 60ನೆಯ ಕಲಮಿನ ಪ್ರಕಾರ ಮೊದಲ 1,000 ರೂಪಾಯಿ, ಉಳಿದದ್ದರಲ್ಲಿ ಮೂರರಲ್ಲಿ ಎರಡು ಪಾಲು ಜಪ್ತಿಗೆ ಸಿಕ್ಕುವುದಿಲ್ಲ. 25,000 ರೂಪಾಯಿ ಸಂಬಳದವನಿಗೆ 17,000 ಕೈಯಲ್ಲಿ ಉಳಿಯಲೇಬೇಕು. ಅಡಿಗೆಯ ಪಾತ್ರೆ, ಉಡುಗೆ, ಹಾಸಿಗೆ, ಕಸಬುದಾರನ ಹತ್ಯಾರ, ಧರ್ಮದ ರೂಢಿಯಂತೆ ಹೆಂಗಸು ಮೈಯಿಂದ ತೆಗೆಯಬಾರದ ಆಭರಣ, ಪ್ರಾವಿಡೆಂಟ್ ಫಂಡಿನ ಹಣ ಇವೂ ಜಪ್ತಿಗೆ ಹೊರತು. ಇದೆಲ್ಲವೂ ಡಿಕ್ರಿಯಾದ ಮೇಲಿನ ಮಾತು. ಫೋನಿನಲ್ಲಿ ಕೂಗುವವನ ಕೈಯಲ್ಲಿ ಡಿಕ್ರಿ ಇರುವುದಿಲ್ಲ.

ಆದರೆ ಒಂದು ಎಚ್ಚರಿಕೆ ಅವಶ್ಯ. ಚೆಕ್ಕಿನ ವಿಷಯ ಬೇರೆ. ಸಾಲಕ್ಕಾಗಿ ಕೊಟ್ಟ ಚೆಕ್ಕು ಹಣವಿಲ್ಲದೆ ಮರಳಿದರೆ ಅದು ಎರಡು ವರ್ಷದವರೆಗೆ ಸೆರೆವಾಸ ವಿಧಿಸಬಹುದಾದ ಅಪರಾಧ. ಬ್ಯಾಂಕಿನ ಖಾತೆಯಿಂದ ತಾನಾಗಿ ಕಂತು ಕಡಿಯಲು ಕೊಟ್ಟ ಅನುಮತಿ ಹಣವಿಲ್ಲದೆ ಮರಳಿದರೂ ಹಾಗೆಯೇ. ನೋಟೀಸು ಕೈಸೇರಿದ ಹದಿನೈದು ದಿನಗಳೊಳಗೆ ಹಣ ಕೊಟ್ಟರೆ ಮೊಕದ್ದಮೆ ಹೂಡುವಂತಿಲ್ಲ. ಆದ್ದರಿಂದ ಅಂಥ ನೋಟೀಸನ್ನು ಓದದೆ ಮೂಲೆಗೆ ಎಸೆಯುವುದು ಆತ್ಮಘಾತ. ಬರಿಯ ಸಹಿ ಹಾಕಿದ ಖಾಲಿ ಚೆಕ್ಕನ್ನು ಸಾವಕಾರನ ಕೈಗೆ ಕೊಡುವುದು ಅದಕ್ಕಿಂತಲೂ ದೊಡ್ಡ ಆತ್ಮಘಾತ.

ವಸೂಲಿಯ ಏಜೆಂಟರು ಬೆಳಿಗ್ಗೆ 8ರ ಮೊದಲು, ಸಂಜೆ 7ರ ನಂತರ ಫೋನು ಮಾಡಬಾರದು, ಬೈಯಬಾರದು, ನೆಂಟರಿಷ್ಟರ ಮುಂದೆ ಮಾನ ಕಳೆಯಬಾರದು ಎಂದು ರಿಸರ್ವ್ ಬ್ಯಾಂಕು 2022ರ ಆಗಸ್ಟಿನಲ್ಲಿ ಬ್ಯಾಂಕು ಮತ್ತು ಹಣಕಾಸು ಕಂಪನಿಗಳಿಗೆ ಆದೇಶಿಸಿದೆ. ಮೀರಿದರೆ ಆ ಬ್ಯಾಂಕಿಗೇ ಬರೆದು ದೂರು ಕೊಡಬೇಕು. ಮೂವತ್ತು ದಿನಗಳಲ್ಲಿ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ರಿಸರ್ವ್ ಬ್ಯಾಂಕಿನ ಲೋಕಪಾಲರಿಗೆ ದೂರಬಹುದು, ಅದಕ್ಕೆ ಖರ್ಚಿಲ್ಲ. ಮೊಬೈಲಿನ ಮೂಲಕ ಸಾಲ ಕೊಡುವವರು ಸಾಲಿಗನ ಫೋನಿನಲ್ಲಿರುವ ಹೆಸರುಗಳ ಪಟ್ಟಿಗೂ ಚಿತ್ರಗಳಿಗೂ ಕೈಹಾಕಕೂಡದೆಂಬ ನಿಯಮವೂ 2022ರಿಂದ ಇದೆ. ನಿಯಮಕ್ಕೆ ಒಳಪಟ್ಟ ಸಾಲದ ಆ್ಯಪ್‌ಗಳ ಪಟ್ಟಿಯನ್ನು 2025ರಿಂದ ರಿಸರ್ವ್ ಬ್ಯಾಂಕು ತನ್ನ ಜಾಲತಾಣದಲ್ಲಿ ಇಟ್ಟಿದೆ. ಅದರಲ್ಲಿಲ್ಲದ ಆ್ಯಪ್ ಚಿತ್ರ ತಿರುಚಿ ನೆಂಟರಿಗೆ ಕಳಿಸುತ್ತೇನೆಂದು ಬೆದರಿಸಿದರೆ ಅದು ಸಾಲದ ವ್ಯವಹಾರವಲ್ಲ, ಸುಲಿಗೆ. 1930ಕ್ಕೆ ಫೋನು ಮಾಡಿ ಸೈಬರ್ ಪೋಲೀಸರಿಗೆ ತಿಳಿಸಬೇಕು.

ಖಾಸಗಿ ಸಾವಕಾರನ ಮೇಲೂ ಕಾಯಿದೆಯ ಲಗಾಮಿದೆ. ಮಹಾರಾಷ್ಟ್ರದ 2014ರ ಲೇವಾದೇವಿ ನಿಯಂತ್ರಣ ಕಾಯಿದೆಯ ಪ್ರಕಾರ ಲೈಸೆನ್ಸಿಲ್ಲದೆ ಬಡ್ಡಿ ವ್ಯಾಪಾರ ಮಾಡುವುದೇ ಶಿಕ್ಷಾರ್ಹ; ಅಂಥವನ ದಾವೆಗೆ ಕೋರ್ಟು ಡಿಕ್ರಿ ಕೊಡುವಂತಿಲ್ಲ. ರೈತರಲ್ಲದವರಿಗೆ ಒತ್ತೆಯಿಲ್ಲದೆ ಕೊಟ್ಟ ಸಾಲಕ್ಕೆ ವರ್ಷಕ್ಕೆ ನೂರಕ್ಕೆ 18ರ ಮಿತಿಯನ್ನು ಆ ವರ್ಷ ಗೊತ್ತುಪಡಿಸಲಾಯಿತು. ಬಡ್ಡಿಯ ಒಟ್ಟು ಮೊತ್ತ ಅಸಲನ್ನು ಮೀರಬಾರದೆಂಬ ‘ದಾಮದುಪ್ಪಟ್’ ಎಂಬ ಹಳೆಯ ಧರ್ಮಶಾಸ್ತ್ರದ ನ್ಯಾಯವೂ ಈ ಕಾಯಿದೆಯಲ್ಲಿ ಉಳಿದುಬಂದಿದೆ. ಸಹಕಾರ ಖಾತೆಯ ರಿಜಿಸ್ಟ್ರಾರ್ ಕಚೇರಿಗೆ ದೂರು ಕೊಡಬಹುದು. ಕರ್ನಾಟಕದಲ್ಲಿಯೂ ಮೈಕ್ರೋಫೈನಾನ್ಸಿನ ಕಿರುಕುಳದಿಂದ ಊರು ಬಿಟ್ಟು ಓಡುವ ಸ್ಥಿತಿ ಬಂದಾಗ, 2025ರ ಫೆಬ್ರವರಿಯಲ್ಲಿ ಸುಗ್ರೀವಾಜ್ಞೆಯ ಮೂಲಕ ಬಲವಂತದ ವಸೂಲಿಗೆ ಹತ್ತು ವರ್ಷದವರೆಗಿನ ಸೆರೆವಾಸದ ಶಿಕ್ಷೆಯನ್ನು ವಿಧಿಸಲಾಯಿತು. ಊರಲ್ಲಿರುವ ತಾಯಿ, ಅಕ್ಕತಂಗಿಯರಿಗೆ ಈ ಮಾತು ತಿಳಿಸಿರಿ. ಇಲ್ಲಿಂದ ಹೋಗುವ ಮನಿಆರ್ಡರು ಅಲ್ಲಿಯ ವಾರದ ಕಂತಿಗೇ ಹೋಗುತ್ತಿದ್ದ ಕಾಲ ಕಳೆದು ಈಗ ಫೋನಿನಲ್ಲಿ ಹಣ ಕಳಿಸುತ್ತೇವೆ. ಹಣ ಹೋಗುವ ದಾರಿ ಬದಲಾಗಿದೆ, ಹೋಗಿ ಸೇರುವ ಸ್ಥಳ ಬದಲಾಗಿಲ್ಲ.

ಇಷ್ಟೆಲ್ಲ ಮಾಡಿಯೂ ದಾರಿ ಕಾಣದಿದ್ದರೆ ಉಳಿಯುವುದು ದಿವಾಳಿಯ ಬಾಗಿಲು. ಪಾಪರ್ ಎದ್ದ ಎಂಬ ಮಾತನ್ನು ನಮ್ಮವರು ಬೈಗುಳದಂತೆ ಬಳಸುತ್ತಾರೆ. ನಿಜವಾಗಿ ಅದು ಕಾಯಿದೆ ಕೊಟ್ಟಿರುವ ಒಂದು ಆಸರೆ. ಮುಂಬಯಿ, ಕಲ್ಕತ್ತೆ, ಮದರಾಸು ನಗರಗಳಿಗೆ 1909ರ ಕಾಯಿದೆ, ಉಳಿದ ಊರುಗಳಿಗೆ 1920ರ ಕಾಯಿದೆ ಇಂದಿಗೂ ಅನ್ವಯಿಸುತ್ತದೆ. ಮುಂಬಯಿಯಲ್ಲಿ ಅರ್ಜಿ ಹೋಗುವುದು ಹೈಕೋರ್ಟಿಗೆ. ಸಾಲಿಗನ ಆಸ್ತಿ ಆಫೀಶಿಯಲ್ ಅಸೈನಿ ಎಂಬ ಅಧಿಕಾರಿಯ ವಶವಾಗಿ ಸಾಲಗಾರರಿಗೆ ಹಂಚಿಕೆಯಾಗುತ್ತದೆ. ಕೊನೆಗೆ ಕೋರ್ಟು ಬಿಡುಗಡೆಯ ಆಜ್ಞೆ ಕೊಟ್ಟರೆ ಹಳೆಯ ಸಾಲಗಳಿಂದ ಮುಕ್ತಿ.

ಆದರೆ ಅದು ಎಷ್ಟು ಹಳೆಯ ಬಾಗಿಲು ಎಂಬುದಕ್ಕೆ ಒಂದೇ ನಿದರ್ಶನ ಸಾಕು. ಹತ್ಯಾರ, ಬಟ್ಟೆ, ಹಾಸಿಗೆ, ಪಾತ್ರೆ ಎಲ್ಲ ಸೇರಿ ಸಾಲಿಗನ ಕುಟುಂಬಕ್ಕೆ 1909ರ ಕಾಯಿದೆ ಬಿಟ್ಟುಕೊಡುವುದು 300 ರೂಪಾಯಿ ಬೆಲೆಯಷ್ಟು. ಬಿಡುಗಡೆಯಾಗುವವರೆಗೆ ತಾನು ದಿವಾಳಿಯೆಂದು ತಿಳಿಸದೆ 50 ರೂಪಾಯಿ ಕೈಗಡ ತಂದರೂ ಅಪರಾಧ. ಬಿಡುಗಡೆಯಾದ ಮೇಲೆಯೂ ಮೋಸದಿಂದ ಮಾಡಿದ ಸಾಲ ಉಳಿಯುತ್ತದೆ. ಒತ್ತೆ ಹಿಡಿದವನ ಹಕ್ಕು ಹೋಗುವುದಿಲ್ಲ. ಜಾಮೀನು ನಿಂತವನ ಹೊರೆಯೂ ಇಳಿಯುವುದಿಲ್ಲ. 2016ರ ಹೊಸ ದಿವಾಳಿ ಸಂಹಿತೆಯಲ್ಲಿ ಬಡ ಸಾಲಿಗನಿಗೆ ‘ಹೊಸ ಆರಂಭ’ ಎಂಬ ಅಧ್ಯಾಯವನ್ನೇನೋ ಬರೆದರು. ಅದರ ಷರತ್ತುಗಳು ವಾರ್ಷಿಕ ಆದಾಯ 60,000, ಆಸ್ತಿ 20,000, ಸಾಲ 35,000 ರೂಪಾಯಿ ಮೀರದಿರುವುದು, ಸ್ವಂತ ಮನೆ ಇಲ್ಲದಿರುವುದು. ಮುಂಬಯಿಯಲ್ಲಿ ತಿಂಗಳಿಗೆ 5,000 ರೂಪಾಯಿ ದುಡಿದು ಬದುಕುವವನು ಯಾರು? ಅದೂ ಇನ್ನೂ ಜಾರಿಗೆ ಬಂದಿಲ್ಲ. ಕಂಪನಿಗಳ ಸಾಲಕ್ಕೆ ಜಾಮೀನು ನಿಂತ ದೊಡ್ಡವರ ಮಟ್ಟಿಗೆ ಮಾತ್ರ ಸಂಹಿತೆಯ ಆ ಭಾಗ 2019ರ ಡಿಸೆಂಬರಿನಲ್ಲಿ ಜಾರಿಯಾಯಿತು. ಕೋಟಿಗಳ ಸಾಲಕ್ಕೆ ಹೊಸ ಕಾಯಿದೆ, ಸಾವಿರಗಳ ಸಾಲಕ್ಕೆ ನೂರು ವರ್ಷದ ಹಳೆಯ ಕಾಯಿದೆ. ಇದನ್ನು ಕಾರ್ಮಿಕ ಸಂಘಗಳು ಪ್ರಶ್ನಿಸಬೇಕು. ಷರತ್ತಿನ ಮೊತ್ತಗಳನ್ನು ಇಂದಿನ ಬೆಲೆಗೆ ತಂದು, ಆ ಅಧ್ಯಾಯವನ್ನು ಜಾರಿಗೆ ತರಬೇಕೆಂದು ನಾವು ಕೇಂದ್ರ ಸರಕಾರವನ್ನು ಒತ್ತಾಯಿಸುತ್ತೇವೆ.

ಹಳೆಯ ಕಾಯಿದೆಯಲ್ಲಿಯೂ ಒಂದು ವಿವೇಕವಿದೆ. ಸಂಖ್ಯೆಯಲ್ಲಿ ಬಹುಮತ, ಮೊತ್ತದಲ್ಲಿ ನಾಲ್ಕರಲ್ಲಿ ಮೂರು ಪಾಲು ಸಾಲಗಾರರು ಒಪ್ಪಿದರೆ ರಾಜಿಯಾಗಬಹುದೆಂದು ಅದು ಹೇಳುತ್ತದೆ. ಕೋರ್ಟಿನೊಳಗೆ ಸಾಧ್ಯವಾಗುವ ರಾಜಿ ಹೊರಗೆ ಏಕೆ ಸಾಧ್ಯವಾಗಬಾರದು? ಲೋಕ ಅದಾಲತ್ತು ಇರುವುದು ಇದಕ್ಕಾಗಿಯೇ. ದಾವೆ ಹೂಡುವ ಮೊದಲೇ ಬ್ಯಾಂಕಿನ ಬಾಕಿಯನ್ನು ಅಲ್ಲಿ ಇತ್ಯರ್ಥ ಮಾಡಿಕೊಳ್ಳಬಹುದು. ಅಲ್ಲಿಯ ತೀರ್ಮಾನದ ಮೇಲೆ ಅಪೀಲಿಲ್ಲ. 1987ರ ಕಾನೂನು ಸೇವೆಗಳ ಕಾಯಿದೆಯ 12ನೆಯ ಕಲಮಿನಲ್ಲಿ ಉಚಿತ ವಕೀಲರ ನೆರವಿಗೆ ಅರ್ಹರಾದವರ ಪಟ್ಟಿಯಿದೆ: ಹೆಂಗಸರು, ಪರಿಶಿಷ್ಟ ಜಾತಿ ಪಂಗಡದವರು ಮಾತ್ರವಲ್ಲ, ಕೈಗಾರಿಕಾ ಕಾರ್ಮಿಕರೂ ಅದರಲ್ಲಿದ್ದಾರೆ. ನಮ್ಮ ಸದಸ್ಯರಲ್ಲಿ ಎಷ್ಟು ಮಂದಿಗೆ ಇದು ಗೊತ್ತು? 15100ಕ್ಕೆ ಫೋನು ಮಾಡಿದರೆ ದಾರಿ ತೋರಿಸುತ್ತಾರೆ.

ಜಾಮೀನಿನ ಬಗ್ಗೆಯೂ ಒಂದು ಮಾತು. ಊರವನೆಂಬ ದಾಕ್ಷಿಣ್ಯಕ್ಕೆ ಕಣ್ಣುಮುಚ್ಚಿ ಸಹಿ ಹಾಕುವವರು ನಮ್ಮಲ್ಲಿ ಬಹಳ. 1872ರ ಕರಾರು ಕಾಯಿದೆಯಂತೆ ಜಾಮೀನುದಾರನ ಹೊಣೆ ಸಾಲಿಗನ ಹೊಣೆಯಷ್ಟೇ; ಬ್ಯಾಂಕು ಮೊದಲು ಅವನನ್ನು ಹಿಡಿದು ಆಮೇಲೆ ಇವನ ಬಳಿ ಬರಬೇಕೆಂದೇನೂ ಇಲ್ಲ. ತೀರಿಸುವ ಶಕ್ತಿ ಮತ್ತು ಮನಸ್ಸು ಎರಡೂ ಇದ್ದರೆ ಮಾತ್ರ ಸಹಿ ಮಾಡಿರಿ. ಸ್ನೇಹ ಉಳಿಸಲು ಹಾಕಿದ ಸಹಿಯಿಂದ ಮುರಿದ ಸ್ನೇಹಗಳೇ ಹೆಚ್ಚು.

ಇನ್ನು ಸಂಘದ ಕರ್ತವ್ಯವೇನು? ಸಾಲದ ಬಾಧೆಗೆ ಒಟ್ಟಾಗಿ ಉತ್ತರ ಕೊಡುವುದು ಕನ್ನಡಿಗರಿಗೆ ಹೊಸದಲ್ಲ. 1904ರಲ್ಲಿ ಸಹಕಾರಿ ಪತ್ತಿನ ಸಂಘಗಳ ಕಾಯಿದೆ ಬಂದ ಮರುವರ್ಷವೇ, ಅಂದಿನ ಮುಂಬಯಿ ಪ್ರಾಂತಕ್ಕೆ ಸೇರಿದ್ದ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಊರವರನ್ನು ಸೇರಿಸಿ ದೇಶದ ಮೊದಲ ಕೃಷಿ ಪತ್ತಿನ ಸಹಕಾರಿ ಸಂಘ ಕಟ್ಟಿದರು. ಉಡುಪಿಯಲ್ಲಿ 1925ರಲ್ಲಿ ಹುಟ್ಟಿದ ಸಿಂಡಿಕೇಟ್ ಬ್ಯಾಂಕು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ ದಿನಕ್ಕೆ ಎರಡಾಣೆಯಂತೆ ಮನೆಬಾಗಿಲಿಗೇ ಹೋಗಿ ಉಳಿತಾಯ ಸಂಗ್ರಹಿಸಿತು. ಆ ಬ್ಯಾಂಕು 2020ರಲ್ಲಿ ಕೆನರಾ ಬ್ಯಾಂಕಿನಲ್ಲಿ ವಿಲೀನವಾಯಿತು. ಅದು ಕಲಿಸಿದ ಪಾಠ ಹಳತಾಗಿಲ್ಲ. ಇಂದು ದಿನಕ್ಕೆ 20 ರೂಪಾಯಿ ತೆಗೆದಿಟ್ಟವನ ಬಳಿ ವರ್ಷಕ್ಕೆ 7,300 ರೂಪಾಯಿ ಇರುತ್ತದೆ. ಜ್ವರ ಬಂದ ದಿನ ಸಾವಕಾರನ ಬಾಗಿಲಿಗೆ ಹೋಗದಿರಲು ಅಷ್ಟು ಸಾಕು.

ಆದುದರಿಂದ ಸಂಘದ ಮುಂದೆ ಮೂರು ಸೂಚನೆಗಳನ್ನು ಇಡುತ್ತೇವೆ. ಒಂದು, ತಿಂಗಳಿಗೆ ಎರಡು ಭಾನುವಾರ ಸಂಘದ ಕಚೇರಿಯಲ್ಲಿ ಸಾಲದ ಸಲಹೆಗೆಂದೇ ಎರಡು ತಾಸು ಮೀಸಲಿಡಬೇಕು. ಬ್ಯಾಂಕಿನಲ್ಲಿ ದುಡಿದು ನಿವೃತ್ತರಾದ ಹಿರಿಯರೂ ವಕೀಲರೂ ನಮ್ಮಲ್ಲಿದ್ದಾರೆ. ಅವರು ಕೂತು ಲೆಕ್ಕ ನೋಡಿ, ಅರ್ಜಿ ಬರೆದುಕೊಟ್ಟು, ಬೇಕಾದರೆ ಬ್ಯಾಂಕಿಗೂ ಜೊತೆಯಲ್ಲಿ ಹೋಗಲಿ. ಅಲ್ಲಿ ಆಡಿದ ಮಾತು ಆ ಕೋಣೆ ದಾಟಬಾರದು. ಎರಡು, ಪತಪೇಢಿಗಳಲ್ಲಿ ಸಾವಕಾರನ ಸಾಲ ಮುಚ್ಚಲೆಂದೇ ಪ್ರತ್ಯೇಕ ಸಾಲದ ವ್ಯವಸ್ಥೆಯಾಗಬೇಕು. ಹಣ ಸದಸ್ಯನ ಕೈಗೆ ಹೋಗದೆ ಹಳೆಯ ಸಾಲದ ಲೆಕ್ಕಕ್ಕೇ ನೇರವಾಗಿ ಸಂದಾಯವಾಗಬೇಕು. ಮೂರು, ಸಂಘಸಂಸ್ಥೆಗಳು ವೇದಿಕೆಯ ಮೇಲೆ ದೇಣಿಗೆಯ ಪಟ್ಟಿ ಓದುವ ಪದ್ಧತಿಯನ್ನು ಬಿಡಬೇಕು. ಅವನು ಐದು ಸಾವಿರ ಕೊಟ್ಟ, ಇವನು ಐನೂರು ಕೊಟ್ಟ ಎಂದು ಸಾರುವಾಗ, ಇಲ್ಲದವನೂ ಮರ್ಯಾದೆಗೆ ಅಂಜಿ ಸಾಲ ತಂದು ಕೊಡುತ್ತಾನೆ. ಮದುವೆ, ಗೃಹಪ್ರವೇಶ, ಊರಿನ ಜಾತ್ರೆಯ ವಂತಿಗೆಗಳಿಗೂ ಈ ಮಾತು ಸಲ್ಲುತ್ತದೆ.

ಕೊನೆಯದಾಗಿ, ಇದನ್ನು ಓದುತ್ತಿರುವವರಲ್ಲಿ ಯಾರಾದರೂ ಇನ್ನು ಬದುಕಿ ಫಲವಿಲ್ಲವೆಂಬ ಸ್ಥಿತಿಗೆ ಬಂದಿದ್ದರೆ, ಅವರಿಗೆ ನೇರವಾಗಿ ಹೇಳುತ್ತೇವೆ. ಸಾಲ ಎಷ್ಟೇ ದೊಡ್ಡದಿರಲಿ, ಅದು ಸಂಖ್ಯೆ. ಅದನ್ನು ಕಡಿಮೆ ಮಾಡಬಹುದು, ಮುಂದೂಡಬಹುದು, ರಾಜಿ ಮಾಡಬಹುದು, ಕೋರ್ಟಿನಲ್ಲಿ ಮನ್ನಾ ಮಾಡಿಸಬಹುದು. ಮನೆಯವರಿಗೆ ನೀವು ಸಂಖ್ಯೆಯಲ್ಲ. ರಾತ್ರಿ ಕಳೆಯುವುದು ಕಷ್ಟವೆನಿಸಿದರೆ 14416ಕ್ಕೆ ಫೋನು ಮಾಡಿ. ಕನ್ನಡದಲ್ಲಿಯೇ ಮಾತನಾಡಬಹುದು, ಹಗಲುರಾತ್ರಿ ಉತ್ತರ ಸಿಕ್ಕುತ್ತದೆ. ಬೆಳಗಾದ ಮೇಲೆ ಆ ಸಾಲದ ಹಾಳೆ ಹಿಡಿದು ಸಂಘಕ್ಕೆ ಬನ್ನಿ. ಚಂದಾ ಬಾಕಿಯಿದೆಯೆಂದು ಸಂಕೋಚ ಬೇಡ. ಅದನ್ನು ಹಾಳೆಯ ಕೊನೆಯ ಸಾಲಿನಲ್ಲಿ ಬರೆಯೋಣ.

ಸಂಘವೆಂದರೆ ಸಂಬಳ ಹೆಚ್ಚಿಸಲು ಹೋರಾಡುವುದಷ್ಟೇ ಅಲ್ಲ. ಹೆಚ್ಚಿದ ಸಂಬಳ ಬಡ್ಡಿಯ ಬಾಯಿಗೆ ಹೋಗದೆ ಕಾರ್ಮಿಕನ ಮನೆಗೆ ಮುಟ್ಟಿದಾಗಲೇ ಆ ಹೋರಾಟಕ್ಕೆ ಅರ್ಥ.